ಸಮುದ್ರದ ತಳದಲ್ಲಿ ಕಪ್ಪು-ಬಿಳಿ ಪಟ್ಟೆ ಇದೆಯಾ?

ಪ್ರಶ್ನೆ: ಮಗಳ ಪುಸ್ತಕದಲ್ಲಿ ಸಮುದ್ರತಳದ ಪರ್ವತಸಾಲಿನ ಎರಡೂ ಕಡೆ ಕಪ್ಪು-ಬಿಳಿ ಪಟ್ಟೆಗಳಿವೆ. ಅಲ್ಲಿ ಎರಡು ಥರದ ಕಲ್ಲು ಇದೆಯೇ? – ಓದುಗರು, ಡೊಂಬಿವಲಿ

ಮತ್ತೆ ಅದೇ ಪ್ರಶ್ನೆ! ಇರಲಿ, ಇನ್ನೊಂದು ಸಲ ಹೇಳ್ತೀನಿ.

ಪರ್ವತಸಾಲಿನ ಮಾತು ಬೇಗ ಮುಗಿಯುತ್ತದೆ. ನಮ್ಮ ಅರಬ್ಬಿ ಸಮುದ್ರದ ನೈಋತ್ಯ ಅಂಚಿನಲ್ಲೇ ಕಾರ್ಲ್ಸ್‌ಬರ್ಗ್ ರಿಡ್ಜ್ ಅನ್ನೋ ಅಂಥದ್ದೇ ಪರ್ವತಸಾಲು ಇದೆ. ಅಲ್ಲಿ ಭೂಫಲಕಗಳು ವರ್ಷಕ್ಕೆ ಎರಡು-ಮೂರು ಸೆಂ.ಮೀ. ದೂರ ಸರಿಯುತ್ತವೆ. ಕೆಳಗಿನ ಬಿಸಿ ಕಲ್ಲು ಮೇಲೇರುತ್ತದೆ, ಒತ್ತಡ ಕಮ್ಮಿಯಾಗಿ ಒಂದಿಷ್ಟು ಕರಗುತ್ತದೆ, ಬಿರುಕು ತುಂಬಿ, ತಣಿದು ಬಸಾಲ್ಟ್ ಅನ್ನೋ ಕರಿ ಕಲ್ಲು ಆಗುತ್ತದೆ. ಹೊಸ ತಳ ಬಿಸಿಯಾಗಿ ಉಬ್ಬಿರುತ್ತದೆ. ದೂರ ಹೋದ ಹಾಗೆ ತಣ್ಣಗಾಗಿ ಕುಗ್ಗಿ ಇಳಿಯುತ್ತದೆ. ಪರ್ವತಸಾಲು ಎದ್ದು ನಿಂತಿರೋದು ಅದಕ್ಕೇ.

ಈಗ ಪಟ್ಟೆ. ಅಲ್ಲಿ ಎರಡು ಥರದ ಕಲ್ಲಿಲ್ಲ. ಬಣ್ಣವೂ ಇಲ್ಲ. ದೀಪ ಹಿಡಿದು ತಳಕ್ಕೆ ಇಳಿದರೂ ಕಾಣೋದು ಅದೇ ಕರಿ ಬಸಾಲ್ಟ್, ಆಚೆ ಅದರ ಮೇಲೆ ಕೂತ ಕೆಸರು. ವ್ಯತ್ಯಾಸ ಇರೋದು ಕಲ್ಲಿನ ಕಾಂತತ್ವದಲ್ಲಿ. ಅದನ್ನು ಅಳೆಯೋಕೆ, ಹಡಗಿನ ಕಬ್ಬಿಣ ಅಡ್ಡ ಬರಬಾರದು ಅಂತ, ಕಾಂತಮಾಪಕವನ್ನು ಉದ್ದದ ಕೇಬಲ್‌ಗೆ ಕಟ್ಟಿ ಹಿಂದೆ ಎಳೆದೊಯ್ಯುತ್ತಾರೆ. ರೀಡಿಂಗ್ ಎಲ್ಲೋ ಸ್ವಲ್ಪ ಜಾಸ್ತಿ, ಎಲ್ಲೋ ಸ್ವಲ್ಪ ಕಮ್ಮಿ, ನೂರಕ್ಕೆ ಒಂದರ ಆಸುಪಾಸು. ಅದರಿಂದ ಲೆಕ್ಕ ಹಾಕಿ, ಈಗಿನ ಉತ್ತರಕ್ಕೆ ಕಾಂತತ್ವ ಇರುವ ಕಲ್ಲಿಗೆ ಕಪ್ಪು, ಉಲ್ಟಾ ಇರುವುದಕ್ಕೆ ಬಿಳಿ ಬಳಿಯುತ್ತಾರೆ. ಬಣ್ಣ ನಕ್ಷೆಯದ್ದು, ಕಲ್ಲಿನದಲ್ಲ!

ಉಲ್ಟಾ ಯಾಕೆ? ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ. 'ಹಾಗಾದ್ರೆ ಭೂಮಿಯ ಕಾಂತಧ್ರುವ ಉಲ್ಟಾ ಆದಾಗ ಕಲ್ಲೂ ತಿರುಗುತ್ತಾ ಸರ್?' ಇಲ್ಲ, ತಿರುಗಲ್ಲ. ಕಲ್ಲಿನೊಳಗಿನ ಮ್ಯಾಗ್ನೆಟೈಟ್ (ಕಾಂತಗುಣದ ಕಬ್ಬಿಣದ ಖನಿಜ) ಕಣಗಳು ಸುಮಾರು 580 ಡಿಗ್ರಿಗಿಂತ ಕೆಳಗೆ ತಣಿದಾಗ ಆಗಿನ ದಿಕ್ಕನ್ನೇ ಹಿಡಿದು ಕೂರುತ್ತವೆ. ಕಲ್ಲೂ ತಿರುಗುತ್ತಿದ್ದರೆ ಪಟ್ಟೆಯೇ ಉಳಿಯುತ್ತಿರಲಿಲ್ಲ, ಅಲ್ವಾ? ಕೊನೆಯ ಪಲ್ಟಿ ಸುಮಾರು 7.8 ಲಕ್ಷ ವರ್ಷದ ಹಿಂದೆ. ವರ್ಷಕ್ಕೆ ಎರಡೂವರೆ ಸೆಂ.ಮೀ. ಅಂತ ಗುಣಿಸಿ: ನಡುವಿನ ಪಟ್ಟೆ ಸುಮಾರು 20 ಕಿ.ಮೀ. ಅಗಲ. 1963ರಲ್ಲಿ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ ಈ ವಿವರಣೆ ಕೊಟ್ಟದ್ದು ಇದೇ ಕಾರ್ಲ್ಸ್‌ಬರ್ಗ್ ರಿಡ್ಜ್ ಮೇಲಿನ ಅಳತೆ ನೋಡಿ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನಗೆ ಸ್ವಲ್ಪ ಜಂಭ ಬರೋದು ನಿಜ.

ಯಾರೂ ಕೇಳದ ಇನ್ನೊಂದು ವಿಷಯ. ಪುಣೆಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಕಾಣುವ ಘಾಟಿನ ಕರಿ ಕಲ್ಲೂ ಬಸಾಲ್ಟೇ, ಸುಮಾರು 6.6 ಕೋಟಿ ವರ್ಷ ಹಳೆಯದು. ಸಮುದ್ರದಲ್ಲಿ ಪಕ್ಕಪಕ್ಕ ಇರೋದು ಇಲ್ಲಿ ಒಂದರ ಮೇಲೊಂದು: ಸಹ್ಯಾದ್ರಿಯ ಕೆಳಗಿನ ಪದರಗಳು ಉಲ್ಟಾ, ಮಹಾಬಳೇಶ್ವರದ ತುದಿಯವು ಈಗಿನ ದಿಕ್ಕಿಗೆ. ಕಲ್ಲಿನ ಕಾಂತತ್ವ ನೆಲಮಟ್ಟಕ್ಕೆ ಎಷ್ಟು ಓರೆಯಾಗಿದೆ ಅಂತ ಅಳೆದರೆ ಇನ್ನೊಂದು ಸಂಗತಿಯೂ ಗೊತ್ತಾಗುತ್ತದೆ. ಆ ಲಾವಾ ಹರಿದಾಗ ಈ ನೆಲ ಸಮಭಾಜಕದ ದಕ್ಷಿಣಕ್ಕಿತ್ತು.