ಮೈಕ್ರೋಟೋಮ್ ಬ್ಲೇಡಿನ ಕೋನ ಎಷ್ಟಿರಬೇಕು?

‘ಸೆಕ್ಷನ್ ಸರಿಯಾಗಿ ಬರುತ್ತಿಲ್ಲ. ಬ್ಲೇಡಿನ ಕೋನ ಎಷ್ಟಕ್ಕೆ ಇಡಬೇಕು? ಹೇಗೆ ಬದಲಿಸಬೇಕು?’

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮೈಕ್ರೋಟೋಮ್ ಎಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಅಂಗಾಂಶವನ್ನು ತೀರಾ ತೆಳುವಾದ ಪದರಗಳಾಗಿ, ಅಂದರೆ ಸೆಕ್ಷನ್‌ಗಳಾಗಿ, ಕತ್ತರಿಸುವ ಯಂತ್ರ. ಪ್ಯಾರಾಫಿನ್ ಬ್ಲಾಕಿಗೆ (ಅಂಗಾಂಶ ಹುದುಗಿಸಿದ ಮೇಣದ ಅಚ್ಚಿಗೆ) ಸಾಮಾನ್ಯವಾಗಿ 3ರಿಂದ 8 ಡಿಗ್ರಿ ಕ್ಲಿಯರೆನ್ಸ್ ಕೋನ, ಅಂದರೆ ಬ್ಲೇಡಿನ ಹಿಂಬದಿಗೂ ಬ್ಲಾಕಿನ ಮುಖಕ್ಕೂ ನಡುವಿನ ಕೋನ, ಸಾಕು. 5ರ ಆಸುಪಾಸಿನಲ್ಲಿ ಶುರು ಮಾಡಿ, ಒಂದು ಸಲಕ್ಕೆ ಒಂದೇ ಡಿಗ್ರಿ ಬದಲಿಸಿ, ನಾಲ್ಕೈದು ಸೆಕ್ಷನ್ ತೆಗೆದು ನೋಡಿ. ಬ್ಲೇಡ್ ಹಿಡಿದಿಡುವ ಹೋಲ್ಡರ್ ಮೇಲಿನ ಅಂಕಿ ಆ ಯಂತ್ರಕ್ಕೆ ಮಾತ್ರ ಲೆಕ್ಕ. ಪಕ್ಕದ ಯಂತ್ರದಲ್ಲಿ ಅದೇ ಅಂಕಿ ನಂಬಬೇಡಿ.

ಕೋನ ಬದಲಿಸುವ ಮುಂಚೆ ಬ್ಲಾಕನ್ನು ಹಿಂದಕ್ಕೆ ಸರಿಸಿ, ಹ್ಯಾಂಡ್‌ವೀಲ್ (ಬ್ಲಾಕನ್ನು ಓಡಿಸುವ ಕೈಚಕ್ರ) ಲಾಕ್ ಮಾಡಿ, ಬ್ಲೇಡಿನ ಮೇಲೆ ಗಾರ್ಡ್ ಎಳೆಯಿರಿ. ಲಾಕ್ ಹಾಕಿದರೆ ಮುಗಿಯಲಿಲ್ಲ, ಚಕ್ರವನ್ನು ಮೆಲ್ಲಗೆ ಅಲುಗಿಸಿ ಖಚಿತ ಮಾಡಿಕೊಳ್ಳಿ. ಕೂರಿಸುವಾಗ ಬ್ಲಾಕ್ ಮೊದಲು, ಬ್ಲೇಡ್ ಆಮೇಲೆ. ತೆಗೆಯುವಾಗ ಬ್ಲೇಡ್ ಮೊದಲು. ಬ್ಲಾಕ್ ಕೂರಿಸುವಾಗ ಬೆರಳುಗಳು ಅಂಚಿನ ಎದುರಿಗೇ ಓಡಾಡುತ್ತವೆ, ಅದಕ್ಕೇ ಈ ಕ್ರಮ. ಜಾರಿದ ಬ್ಲೇಡನ್ನು ಹಿಡಿಯಲು ಕೈ ಚಾಚಬೇಡಿ, ಬೀಳಲಿ ಬಿಡಿ.

ಈಗ ನನ್ನನ್ನು ನಿಜಕ್ಕೂ ದಣಿಸಿರುವ ಮಾತಿಗೆ ಬರುತ್ತೇನೆ: ‘ಬ್ಲೇಡ್ ಕತ್ತರಿಸದಿದ್ದರೆ ಕೋನ ಹೆಚ್ಚಿಸು.’ ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಲೇ ಬಂದಿರುವ ತಪ್ಪು ಇದು.

ಕೋನ ಇರುವುದು ಹರಿತ ಹೆಚ್ಚಿಸಲು ಅಲ್ಲ. ಅಂಚು ಮುಂದೆ ಕತ್ತರಿಸಿಕೊಂಡು ಹೋದಾಗ ಅದರ ಹಿಂಬದಿ ಬ್ಲಾಕಿನ ಮುಖಕ್ಕೆ ಉಜ್ಜಬಾರದು, ಅಷ್ಟಕ್ಕೇ ಆ ಸಣ್ಣ ಸಂದು. ಸಂದು ಸಾಲದೆ ಹೋದರೆ ಬ್ಲೇಡ್ ಬ್ಲಾಕನ್ನು ಒತ್ತುತ್ತದೆ: ಒಂದು ಸೆಕ್ಷನ್ ದಪ್ಪ, ಇನ್ನೊಂದು ತೆಳು, ಮಧ್ಯೆ ಒಂದು ಬರುವುದೇ ಇಲ್ಲ. ಸಂದು ಅತಿಯಾದರೆ ಬ್ಲೇಡ್ ಕತ್ತರಿಸುವುದನ್ನು ಬಿಟ್ಟು ಕೆರೆಯುತ್ತದೆ. ಕೀಸುಳಿ ಹಿಡಿದವರಿಗೆ ಇದು ಗೊತ್ತು: ಅಲಗನ್ನು ನೆಟ್ಟಗೆ ನಿಲ್ಲಿಸಿದರೆ ಸುರುಳಿ ಹೋಗಿ ಪುಡಿ ಬರುತ್ತದೆ. ಸೆಕ್ಷನ್ನಿನಲ್ಲಿ ಅದು ಅಂಚಿಗೆ ಸಮಾನಾಂತರವಾದ ಅಡ್ಡಗೆರೆಗಳಾಗಿ ಕಾಣುತ್ತದೆ. ಮೊಂಡಾದ ಅಂಚು ಯಾವ ಕೋನದಲ್ಲಿಟ್ಟರೂ ಮೊಂಡೇ.

ಹಾಗಾದರೆ ‘ನಾನು ಕೋನ ಹೆಚ್ಚಿಸಿದಾಗ ಸರಿಹೋಯಿತಲ್ಲ?’ ಎನ್ನುತ್ತೀರಿ. ಸರಿಹೋಗಿರಬಹುದು. ಆದರೆ ಕೋನ ಬದಲಿಸಲು ನೀವು ಹೋಲ್ಡರ್ ಸಡಿಲಿಸಿ ಮತ್ತೆ ಬಿಗಿ ಮಾಡಿದಿರಿ. ಅಡ್ಡಗೆರೆಗೆ ಕಾರಣ ಎಷ್ಟೋ ಸಲ ಸಡಿಲ ತಿರುಪೇ ಆಗಿರುತ್ತದೆ. ಬಿಗಿದದ್ದು ಗುಣ ಮಾಡಿತು, ಹೆಸರು ಕೋನಕ್ಕೆ ಬಂತು. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಕೋನದ ತಿರುಪು ಕೊನೆಯದು. ಮೊದಲು ಬ್ಲಾಕ್, ಬ್ಲೇಡ್, ಹೋಲ್ಡರ್ ಮೂರೂ ಬಿಗಿಯಾಗಿವೆಯೇ ನೋಡುತ್ತಾರೆ. ಆಮೇಲೆ ಲಾಕ್, ಗಾರ್ಡ್ ಹಾಕಿ ಬ್ಲೇಡನ್ನು ಪಕ್ಕಕ್ಕೆ ಸರಿಸಿ, ಬಳಸದ ಭಾಗದಲ್ಲಿ ಕತ್ತರಿಸುತ್ತಾರೆ. ಅಲ್ಲಿ ಸೆಕ್ಷನ್ ಚೆನ್ನಾಗಿ ಬಂದರೆ ತಪ್ಪು ಅಂಚಿನದು, ಕೋನದ್ದಲ್ಲ. ನಂತರ ಬ್ಲಾಕನ್ನು ಮಂಜುಗಡ್ಡೆಯ ಮೇಲೆ ತಣಿಸಿ ನೋಡುತ್ತಾರೆ. ಇಷ್ಟು ಮಾಡಿ ಕೋನಕ್ಕೆ ಬರುವವರು ತೀರಾ ಕಡಿಮೆ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಸೆಕ್ಷನ್ನಿನಲ್ಲಿ ಪ್ರತಿಸಲ ಅದೇ ಜಾಗದಲ್ಲಿ ಉದ್ದನೆಯ ಗೀರು ಬಂದರೆ ಅಂಚು ಮುಕ್ಕಾಗಿದೆ, ಇಲ್ಲವೇ ಬ್ಲಾಕಿನಲ್ಲಿ ಗಟ್ಟಿ ಕಣವಿದೆ. ಇಲ್ಲೂ ಕೋನದ ತಪ್ಪಿಲ್ಲ.

ಯಾರೂ ಕೇಳದಿದ್ದರೂ ರಿಬ್ಬನ್ (ಒಂದಕ್ಕೊಂದು ಅಂಟಿ ಬರುವ ಸೆಕ್ಷನ್‌ಗಳ ಸಾಲು) ಬಾಗುವುದರ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೂ ಇದೇ ತಿರುಪು ತಿರುಗಿಸುವವರಿದ್ದಾರೆ. ಬ್ಲಾಕಿನ ಮೇಲಂಚು, ಕೆಳಂಚು ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ಪ್ರತಿ ಸೆಕ್ಷನ್ನೂ ಒಂದು ಬದಿಯಲ್ಲಿ ಅಗಲ, ಇನ್ನೊಂದು ಬದಿಯಲ್ಲಿ ಕಿರಿದು. ಅಂಥವು ಒಂದಕ್ಕೊಂದು ಅಂಟಿದಾಗ ಸಾಲು ವಾಲುತ್ತಾ ಹೋಗುತ್ತದೆ. ಬ್ಲೇಡ್ ತೆಗೆದಿಟ್ಟು, ಆಮೇಲೆ ಬ್ಲಾಕನ್ನು ಹೊರತೆಗೆದು, ಅಂಗಾಂಶದ ಸುತ್ತ ಸ್ವಲ್ಪ ಮೇಣ ಉಳಿಸಿ ಆ ಎರಡು ಅಂಚುಗಳನ್ನು ನೇರ ಮಾಡಿ. ಮತ್ತೆ ಕೂರಿಸುವಾಗ ಕೆಳಂಚು ಬ್ಲೇಡಿನ ಅಂಚಿಗೆ ಸಮಾನಾಂತರವಾಗಿರಲಿ, ರಿಬ್ಬನ್ ನೇರವಾಗಿ ಇಳಿಯುತ್ತದೆ.