ಪದ ಪರಿಚಯ: ಕ್ಲಾಕ್ ರಿಕವರಿ

ಯುಎಸ್‌ಬಿ 2.0 ಕಾಲದ ಹಳೆಯ ಕೇಬಲ್ ಒಂದನ್ನು ಸೀಳಿ ನೋಡಿದರೆ ಒಳಗೆ ನಾಲ್ಕೇ ತಂತಿಗಳು: ಕೆಂಪು, ಕಪ್ಪು, ಬಿಳಿ, ಹಸಿರು. ಕೆಂಪು ಮತ್ತು ಕಪ್ಪು 5 ವೋಲ್ಟ್ ವಿದ್ಯುತ್ತಿಗೆ, ಬಿಳಿ ಮತ್ತು ಹಸಿರು ಮಾಹಿತಿಗೆ. ಆ ಜೋಡಿಯ ಮೇಲೆ ಸೆಕೆಂಡಿಗೆ 48 ಕೋಟಿ ಬಿಟ್‌ಗಳು, ಅಂದರೆ 0 ಅಥವಾ 1ಗಳು, ಓಡಬಲ್ಲವು. ಆದರೆ ಒಂದು ಬಿಟ್ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಹೇಳುವ ಐದನೆಯ ತಂತಿ ಇಲ್ಲ. ಆ ಲೆಕ್ಕವನ್ನು ಸ್ವೀಕರಿಸುವ ಚಿಪ್ಪೇ ಬಂದ ಸಿಗ್ನಲ್‌ನಿಂದ ಹೆಕ್ಕಿಕೊಳ್ಳಬೇಕು. ಈ ಕೆಲಸಕ್ಕೆ ಕ್ಲಾಕ್ ರಿಕವರಿ ಎಂದು ಹೆಸರು.

ಇದನ್ನು ಕನ್ನಡಕ್ಕೆ ತರಲು ಹೊರಟವರು ‘ಗಡಿಯಾರ ಮರುಪಡೆಯುವಿಕೆ’ ಎಂದು ಬರೆದರೆ ಓದುಗನಿಗೆ ಕಳೆದುಹೋದ ವಾಚಿನ ನೆನಪಾದೀತು. ಗಂಟೆ ಎಷ್ಟಾಯಿತೆಂಬುದು ಇಲ್ಲಿ ಯಾರಿಗೂ ಬೇಕಿಲ್ಲ. ಬೇಕಿರುವುದು ಲಯ. ‘ತಾಳ ಹಿಡಿಯುವುದು’ ಎಂದರೆ ಅರ್ಥಕ್ಕೆ ಹತ್ತಿರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರು ಬದುರು ನಿಂತು ಒನಕೆ ಹಾಕುವುದನ್ನು ನೆನಪಿಸಿಕೊಳ್ಳಿ. ಸುವ್ವಿ ಪದ ಹಾಡುತ್ತಿದ್ದರೆ ಆ ಹಾಡೇ ಪ್ರತ್ಯೇಕ ಕ್ಲಾಕ್ ತಂತಿ. ಹಾಡಿಲ್ಲದಿದ್ದರೂ ಒನಕೆಗಳು ಡಿಕ್ಕಿ ಹೊಡೆಯುವುದಿಲ್ಲ, ಏಕೆಂದರೆ ಎದುರಿನವಳ ಪೆಟ್ಟಿನ ಸದ್ದಿನಲ್ಲೇ ತಾಳ ಸಿಗುತ್ತದೆ.

ಹಾಗಾದರೆ ಇನ್ನೊಂದು ತಂತಿ ಎಳೆದು ಕ್ಲಾಕನ್ನೂ ಕಳುಹಿಸಬಾರದೇ? ಒಂದೇ ಬೋರ್ಡಿನ ಮೇಲಿರುವ ಚಿಪ್‌ಗಳ ನಡುವೆ ಹಾಗೆ ಮಾಡುವುದುಂಟು. ವೇಗ ಏರಿದಂತೆ ಅದು ಕೈಕೊಡುತ್ತದೆ. ಕೇಬಲ್‌ನಲ್ಲಿ ಸಿಗ್ನಲ್ ಒಂದು ನ್ಯಾನೊಸೆಕೆಂಡಿಗೆ ಹೆಚ್ಚುಕಡಿಮೆ 20 ಸೆಂಟಿಮೀಟರ್ ಸಾಗುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್‌ನ ಉದ್ದ ಬರೀ ಎರಡು ಸೆಂಟಿಮೀಟರ್. ಎರಡು ತಂತಿಗಳ ಉದ್ದದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವಾದರೂ ತಾಳ ಅರ್ಧ ಬಿಟ್ ತಪ್ಪಿತು.

ಸ್ವೀಕರಿಸುವ ಚಿಪ್‌ಗೂ ಮಿಡಿದು ಲಯ ಕೊಡುವ ತನ್ನದೇ ಕ್ವಾರ್ಟ್ಸ್ ಹರಳು ಇದೆಯಲ್ಲ, ಅದನ್ನೇ ನಂಬಬಾರದೇ ಎಂದರೆ, ಯಾವ ಎರಡು ಹರಳುಗಳೂ ಒಂದೇ ವೇಗದಲ್ಲಿ ಮಿಡಿಯುವುದಿಲ್ಲ. 480 ಮೆಗಾಬಿಟ್ ವೇಗದಲ್ಲಿ ಯುಎಸ್‌ಬಿ ನಿಯಮ ಎರಡೂ ಕಡೆಗೆ ಹತ್ತು ಲಕ್ಷಕ್ಕೆ 500ರಷ್ಟು ತಪ್ಪಲು ಬಿಡುತ್ತದೆ. ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಹೋದರೆ ಒಟ್ಟು ವ್ಯತ್ಯಾಸ ಸಾವಿರಕ್ಕೆ ಒಂದು. ಕೇಳಲು ಏನೂ ಅಲ್ಲ. ಆದರೆ 500 ಬಿಟ್ ದಾಟುವಷ್ಟರಲ್ಲಿ, ಅಂದರೆ ಸುಮಾರು ಒಂದು ಮೈಕ್ರೊಸೆಕೆಂಡಿನಲ್ಲಿ, ಅರ್ಧ ಬಿಟ್ ಜಾರಿರುತ್ತದೆ. ಪೆನ್‌ಡ್ರೈವ್ ಕಳುಹಿಸುವ 512 ಬೈಟ್‌ಗಳ ಒಂದು ಕಂತು ಮುಗಿಯುವ ಹೊತ್ತಿಗೆ ನಾಲ್ಕು ಬಿಟ್ ಎಡವಟ್ಟು.

ಆದ್ದರಿಂದ ಚಿಪ್ ತನ್ನ ಕ್ಲಾಕನ್ನು ಓಡುತ್ತಲೇ ತಿದ್ದಿಕೊಳ್ಳಬೇಕು. ಇದಕ್ಕೆ 1975ರಲ್ಲಿ ಜೆ.ಡಿ.ಎಚ್. ಅಲೆಕ್ಸಾಂಡರ್ ಪ್ರಕಟಿಸಿದ ಉಪಾಯ ಬಲು ಸರಳ. ಪ್ರತಿ ಬಿಟ್‌ನ ನಟ್ಟನಡುವೆ ಒಮ್ಮೆ ಇಣುಕು, ಎರಡು ಬಿಟ್‌ಗಳ ಸಂದಿಯಲ್ಲಿ ಇನ್ನೊಮ್ಮೆ ಇಣುಕು. ಹಿಂದಿನ ಬಿಟ್ 0, ಮುಂದಿನದು 1 ಎಂದಿಟ್ಟುಕೊಳ್ಳೋಣ. ಸಂದಿಯಲ್ಲಿ ಇನ್ನೂ 0 ಕಂಡರೆ ಬದಲಾವಣೆ ಆಗುವ ಮೊದಲೇ ನೋಡಿದ ಹಾಗಾಯಿತು: ನಮ್ಮ ಕ್ಲಾಕ್‌ಗೆ ಅವಸರ, ತುಸು ತಡೆಯಬೇಕು. ಆಗಲೇ 1 ಕಂಡರೆ ನಾವು ಹಿಂದೆ ಬಿದ್ದಿದ್ದೇವೆ, ತುಸು ಓಡಬೇಕು. ಹೀಗೆ ನೋಡಿ, ತಿದ್ದಿ, ಮತ್ತೆ ನೋಡುವ ಸುತ್ತಿಗೆ ಫೇಸ್ ಲಾಕ್ಡ್ ಲೂಪ್ ಎನ್ನುತ್ತಾರೆ. ಬದಲಾವಣೆಯ ಅಂಚುಗಳೂ ಗದ್ದಲದಿಂದ ಕೊಂಚ ನಡುಗುತ್ತಿರುತ್ತವೆ. ಆ ನಡುಕವೇ ಜಿಟ್ಟರ್. ಪ್ರತಿ ಅಂಚಿನ ಬೆನ್ನು ಹತ್ತಿದರೆ ಕ್ಲಾಕ್ ಕೂಡ ನಡುಗುತ್ತದೆ, ತೀರಾ ಸೋಮಾರಿಯಾದರೆ ನಿಜವಾದ ಜಾರುವಿಕೆ ಕೈತಪ್ಪುತ್ತದೆ. ವಿನ್ಯಾಸಕಾರನ ಕೈಗುಣ ಗೊತ್ತಾಗುವುದು ಈ ಹದದಲ್ಲಿ.

ಸರಿ, ಹಿಂದಿನ ಬಿಟ್ಟೂ ಮುಂದಿನ ಬಿಟ್ಟೂ ಒಂದೇ ಆಗಿದ್ದರೆ? ಏನೂ ಗೊತ್ತಾಗುವುದಿಲ್ಲ. ಒನಕೆಯ ಸದ್ದೇ ನಿಂತಂತೆ. ಇಡೀ ವಿದ್ಯೆಯ ಕಷ್ಟವೆಲ್ಲ ಈ ಮೌನದ್ದು. ಯುಎಸ್‌ಬಿಯಲ್ಲಿ 0 ಎಂದರೆ ತಂತಿಯ ಸ್ಥಿತಿ ಬದಲಾಗಬೇಕು, 1 ಎಂದರೆ ಇದ್ದಂತೆಯೇ ಇರಬೇಕು. ನೀವು ನಕಲು ಮಾಡುತ್ತಿರುವ ಫೈಲಿನಲ್ಲಿ ಬರೀ 1ಗಳೇ ತುಂಬಿದ್ದರೆ 4096 ಬಿಟ್‌ಗಳ ಉದ್ದಕ್ಕೂ ತಂತಿ ಅಲುಗಾಡುವುದಿಲ್ಲ. ಅದಕ್ಕೇ ಸತತ ಆರು 1ಗಳಾದ ಮೇಲೆ ಕಳುಹಿಸುವವನು ಒಂದು ಹುಸಿ 0 ತುರುಕುತ್ತಾನೆ, ಪಡೆಯುವವನು ಅದನ್ನು ಕಿತ್ತು ಎಸೆಯುತ್ತಾನೆ. ಅಂಥ ಒಂದು ಕಂತಿಗೆ ಸುಮಾರು 680 ಹುಸಿ ಸೊನ್ನೆಗಳು! ಪ್ರತಿ ಕಂತಿನ (ಪ್ಯಾಕೆಟ್ಟಿನ) ತಲೆಯಲ್ಲಿ ಬರುವ ಸೊನ್ನೆಗಳ ಸಾಲಿನಲ್ಲೂ ಮಾಹಿತಿ ಏನೂ ಇಲ್ಲ. ಅದು ತಾಳ ಹಿಡಿಯಲೆಂದೇ ಕೊಟ್ಟ ಪೀಠಿಕೆ.

ಐಬಿಎಂನ ವಿಡ್ಮರ್ ಮತ್ತು ಫ್ರಾನಾಸ್ಜೆಕ್ 1983ರಲ್ಲಿ ಇನ್ನೊಂದು ದಾರಿ ತೋರಿಸಿದರು: ಪ್ರತಿ 8 ಬಿಟ್‌ಗಳನ್ನು ಆಯ್ದ 10 ಬಿಟ್‌ಗಳಾಗಿ ಬದಲಿಸಿದರೆ ಸತತ ಐದಕ್ಕಿಂತ ಹೆಚ್ಚು ಒಂದೇ ಬಗೆಯ ಬಿಟ್‌ಗಳು ಬರುವುದೇ ಇಲ್ಲ. ದಾರಿಯ ಐದನೆಯ ಒಂದು ಪಾಲು ಇದಕ್ಕೇ ಖರ್ಚು. ಕಂಪ್ಯೂಟರಿನೊಳಗೆ ಕಾರ್ಡುಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ತನ್ನ ಮೂರನೆಯ ಪೀಳಿಗೆಯಲ್ಲಿ ಈ ದುಬಾರಿ ಸುಂಕ ಬಿಟ್ಟು, 128 ಬಿಟ್‌ಗಳಿಗೆ ಎರಡನ್ನಷ್ಟೇ ಕೂಡಿಸಿ, ಉಳಿದದ್ದನ್ನು, ಎರಡೂ ಕಡೆಗೂ ಗೊತ್ತಿರುವ, ಗೊತ್ತುಗುರಿಯಿಲ್ಲದಂತೆ ಕಾಣುವ 0-1ಗಳ ಸಾಲನ್ನು ಮಾಹಿತಿಯೊಂದಿಗೆ ಬೆರೆಸುವ ಸ್ಕ್ರ್ಯಾಂಬ್ಲಿಂಗ್‌ಗೆ ಬಿಟ್ಟಿತು. ಅಲ್ಲಿ ಮೌನ ಉದ್ದವಾಗದು ಎಂಬುದಕ್ಕೆ ಸಂಭವನೀಯತೆಯೇ ಹೆಚ್ಚಿನ ಆಸರೆ. ಧೈರ್ಯ ಮೆಚ್ಚಬೇಕು.

ಮನೆಯ ಇಂಟರ್‌ನೆಟ್ ರೂಟರಿಗೂ ಕಂಪ್ಯೂಟರಿಗೂ ನಡುವೆ ಗಿಗಾಬಿಟ್ ಈಥರ್ನೆಟ್ ಕೇಬಲ್ ಚುಚ್ಚಿದಾಗ ಇನ್ನೂ ಒಂದು ಹೆಜ್ಜೆ ಮುಂದಿನದು ನಡೆಯುತ್ತದೆ. ದೀಪ ಹತ್ತುವ ಮೊದಲು ಎರಡೂ ಕಡೆಯವು ಮಾತಾಡಿಕೊಂಡು, ತಾಳ ಹಾಕುವವರು ಯಾರೆಂದು ಗೊತ್ತುಮಾಡಿಕೊಳ್ಳುತ್ತವೆ. ಹಾಗೆ ಒಪ್ಪಿಕೊಂಡ ಮೇಲೆ ಎರಡನೆಯದು ಕೇಳಿಸಿಕೊಂಡ ತಾಳದಲ್ಲೇ ತನ್ನ ಮಾಹಿತಿಯನ್ನೂ ವಾಪಸು ಕಳುಹಿಸುತ್ತದೆ. ಅದರ ಸ್ವಂತ ಹರಳಿನ ಲಯಕ್ಕೆ ಆ ಕೇಬಲ್ ಮೇಲೆ ಮಾತಿಲ್ಲ.