ಲಂಡನ್ನಿಗೆ ಹೋಗೋದು ತಡ, ಬರೋದು ಬೇಗ. ಯಾಕೆ ಸರ್?

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಬೆಂಗಳೂರಿನಿಂದ ವಿಮಾನ. ಎಷ್ಟು ದೂರ, ಎಷ್ಟು ಹೊತ್ತು? ಬರುವಾಗ ಬೇಗ ಮುಟ್ಟುತ್ತದಂತೆ. ಭೂಮಿ ತಿರುಗೋದರಿಂದಲೇ ಅಲ್ವಾ?

ಉತ್ತರ: ಬೆಂಗಳೂರಿನಿಂದ ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣಕ್ಕೆ ಸುಮಾರು 8,040 ಕಿ.ಮೀ. ಎಲ್ಲೂ ಇಳಿಯದ ವಿಮಾನಕ್ಕೆ ಹೋಗಲು 10ರಿಂದ 11 ಗಂಟೆ ಬೇಕು, ಬರುವಾಗ ಒಂದು ಗಂಟೆಯಷ್ಟು ಕಡಿಮೆ. ಟಿಕೆಟ್ ನೋಡಿ ಕಳೆಯುವ ಲೆಕ್ಕ ಮಾಡಬೇಡಿ. ಅದರಲ್ಲಿ ಇರೋದು ಆಯಾ ಊರಿನ ಗಡಿಯಾರ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದಲೇ ಹಾರುವವರು ಬೆಂಗಳೂರಿನ ತನಕ ಇನ್ನೊಂದು 445 ಕಿ.ಮೀ. ಸೇರಿಸಿಕೊಳ್ಳಿ.

ಇನ್ನು ಆ ಭೂಮಿಯ ವಿಷಯ. ಎಷ್ಟು ಸಲ ಹೇಳಿದರೂ ಮತ್ತೆ ಹುಟ್ಟಿ ಬರುತ್ತದೆ ಇದು. ಮೊನ್ನೆ ಚಾದಂಗಡಿಯಲ್ಲಿ ಒಬ್ಬರು, "ಭೂಮಿ ಪೂರ್ವಕ್ಕ ತಿರಗತೈತಿ, ಲಂಡನ್ನೇ ನಮ್ಮ ಕಡೆ ಬರತೈತಿ. ಹೋಗೋದ ಲಗೂ ಆಗಬೇಕಲ್ರೀ ಸರ?" ಅಂದರು. ಪಕ್ಕದವರು, "ಇಲ್ರೀ, ಬರುವಾಗ ಭೂಮಿ ಜೋಡಿನೇ ಬರತೀವಿ, ಬರೋದ ಲಗೂ" ಅಂದರು. ಒಂದೇ ಭೂಮಿ, ಎರಡು ಉಲ್ಟಾ ಉತ್ತರ. ಅಲ್ಲೇ ಅನುಮಾನ ಬರಬೇಕಿತ್ತು.

ಬೆಳಗಾವಿಯ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಸಾಂಬ್ರಾದಲ್ಲಿ ನಿಂತ ವಿಮಾನವೂ, ಸುತ್ತಲಿನ ಗಾಳಿಯೂ ಅದರ ಜೊತೆಗೇ ಓಡುತ್ತಿವೆ. ಧಾರವಾಡದ ಬಸ್ಸಿನಲ್ಲಿ ಕೂತು ಒಂದು ಶೇಂಗಾಕಾಯಿ ಮೇಲೆ ಚಿಮ್ಮಿ ನೋಡಿ. ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವರ ತಲೆಗಲ್ಲ. ಮೇಲಿದ್ದದ್ದನ್ನು ಬಿಟ್ಟು ನೆಲ ಮುಂದೆ ಹೋಗುವುದಾದರೆ, 16 ಅಡಿ ಎತ್ತರದಿಂದ ಉದುರಿದ ಮಾವಿನಕಾಯಿ ಒಂದು ಸೆಕೆಂಡಿನಲ್ಲಿ 440 ಮೀಟರ್ ಪಶ್ಚಿಮಕ್ಕೆ ಬೀಳಬೇಕು. ನಿಮ್ಮ ಗಿಡದ ಕಾಯಿ ಬೇರೆ ಓಣಿಯವರ ಪಾಲು! ಒಂದು ಗಂಟೆ ಸುಮ್ನೆ ಮೇಲೆ ನಿಂತ ಹೆಲಿಕಾಪ್ಟರ್ ಅರಬ್ಬಿ ಸಮುದ್ರದ ನಡುವೆ ಇಳಿಯಬೇಕು.

ನಿಜವಾದ ಕಾರಣ ಗಾಳಿ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಯಿದೆ, ಜೆಟ್ ಸ್ಟ್ರೀಮ್. ಹೋಗುವಾಗ ಅದಕ್ಕೆ ಎದುರು ಈಜಬೇಕು, ಬರುವಾಗ ಅದೇ ತಳ್ಳುತ್ತದೆ. 2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 4 ಗಂಟೆ 56 ನಿಮಿಷಕ್ಕೇ ಲಂಡನ್ ಮುಟ್ಟಿತು. ಭೂಮಿ ಆವತ್ತು ಜಾಸ್ತಿ ಜೋರಾಗಿ ತಿರುಗಿತ್ತಾ? ಇಲ್ಲ, ಗಾಳಿ ಜೋರಿತ್ತು. ಈ ಗಾಳಿ ಪೂರ್ವಕ್ಕೆ ಹೊರಳುವುದರಲ್ಲಿ ಭೂಮಿ ತಿರುಗುವುದರ ಕೈವಾಡವೂ ಇದೆ ಅನ್ನೋದು ಖರೆ. ಆದರೆ ಅದನ್ನು ಹೇಳಿದರೆ ಚಾದಂಗಡಿಯವರು "ನಾ ಹೇಳಿದ್ದೇ ಆತಲ್ರೀ" ಅಂತಾರೆ ಅಂತ ಸುಮ್ಮನಿದ್ದೆ.

ಹಾಗಾದರೆ ನೆಲದ ಆ 1,600 ಯಾರಿಗೂ ಉಪಯೋಗವಿಲ್ಲವೇ? ಇದೆ, ರಾಕೆಟ್ಟಿಗೆ. ಅದು ಗಾಳಿಯನ್ನೇ ದಾಟಿ ಹೋಗುತ್ತದೆ. ಕೆಳಗೆ ಬೀಳದೆ ಭೂಮಿಯನ್ನು ಸುತ್ತುತ್ತಿರಲು ಗಂಟೆಗೆ ಸುಮಾರು 28,000 ಕಿ.ಮೀ. ವೇಗ ಬೇಕು. ಶ್ರೀಹರಿಕೋಟಾದಿಂದ ಪೂರ್ವಕ್ಕೆ ಹಾರಿಸಿದರೆ ಅದರಲ್ಲಿ 1,600 ಪುಕ್ಕಟೆ. ಕಳಚಿ ಬೀಳುವ ತುಂಡುಗಳಿಗೆ ಬಂಗಾಳ ಕೊಲ್ಲಿ ಪಕ್ಕದಲ್ಲೇ ಇದೆ.